ರಾಮಪ್ಪನ ಇಪ್ಪತ್ತೈದು ಫೂಟು

“ಮನಿ ಅಂದ್ರ ಏನ್ರಿ ಅಕ್ಕಾರ, ಮೊದಲ ಅದು ನೆಲದ ಮ್ಯಾಲ ಒಂದು ಸುಣ್ಣದ ಗೆರಿ. ಆ ಗೆರಿ ನಾ ಹೊಡೀತೇನಿ. ನಲವತ್ತ್ ವರ್ಷ ಆತು. ಇಂಜಿನಿಯರ್ ಸಾಹೇಬ್ರು ನಕ್ಷೆ ಕೊಡ್ತಾರ. ತಗೋತೇನಿ, ಘಡಿ ಮಾಡಿ ಮಾಲಕರ ಕೈಯಾಗ ಕೊಡ್ತೇನಿ, ಟ್ರಂಕಿನ್ಯಾಗ ಇಟ್ಕೊಳ್ರಿ ಅಂತೇನಿ. ಆಮ್ಯಾಲ ನನ್ನ ಆಯದ ಲೆಕ್ಕ ಚಾಲೂ. ಉದ್ದ ಅಗಲ ಗುಣಸಬೇಕು, ಎಂಟರಿಂದ ಭಾಗಸಬೇಕು. ಒಂದ್ ಉಳದ್ರ ಧ್ವಜಾಯ, ಮೂರ್ ಉಳದ್ರ ಸಿಂಹಾಯ, ಐದ್ ಉಳದ್ರ ವೃಷಭ, ಏಳ್ ಉಳದ್ರ ಗಜ. ಇವು ಚೊಲೊ. ಎರಡು, ನಾಕು, ಆರು ಉಳದ್ರ ಹೊಗಿ, ನಾಯಿ, ಹೇರು ಹೊರೂ ಕತ್ತಿ. ಏನೂ ಉಳೀಲಿಲ್ಲಂದ್ರ ಕಾಗಿ. ಕಾಗಿ ಆಯದ ಮನಿಯಾಗ ಯಾರ್ ಇರ್ತಾರ್ರಿ? ಅದಕ್ಕ ಗೂಟ ಅರ್ಧ ಫೂಟು ಇತ್ಲಾಗ, ಒಂದ್ ಫೂಟು ಅತ್ಲಾಗ ಸರಸ್ತೇನಿ. ಇಷ್ಟ್ ವರ್ಷದಾಗ ಯಾಕ ಸರಿಸಿದಿ ಅಂತ ಒಬ್ಬ ಮಾಲಕನೂ ಕೇಳಿಲ್ಲ. ಸರಸಲಿಲ್ಲಂದ್ರ ಕೇಳ್ತಿದ್ರು. ಗಿಲಾವು ಬಿರುಕ ಬಿಟ್ರ ಸಿಮೆಂಟ್ ಕಡಿಮಿ ಆತು ಅಂತಾರ. ಸೊಸಿ ಬಸರಾಗಲಿಲ್ಲಂದ್ರ ಗೌಂಡಿ ಆಯ ತಪ್ಪಸ್ಯಾನ ಅಂತಾರ.”

ಗೌಂಡಿ ರಾಮಪ್ಪ ಈ ಮಾತು ಹೇಳಿದ್ದು ನಾಲ್ಕು ವರ್ಷದ ಹಿಂದೆ, ನಮ್ಮ ಅಡುಗೆಮನೆಯ ಗೋಡೆ ಎತ್ತುವಾಗ. ನಾನು ಹೊಸ್ತಿಲಲ್ಲಿ ಕೂತು ಕಡಲೆ ಹಸನು ಮಾಡುತ್ತಿದ್ದೆ. ಅವನು ಇಟ್ಟಂಗಿ ಮೇಲೆ ಇಟ್ಟಂಗಿ ಇಡುತ್ತ ಮಾತಾಡುತ್ತಿದ್ದ. ಮಾತು ಎಷ್ಟೇ ಉದ್ದವಾದರೂ ಗೋಡೆ ಡೊಂಕಾಗುತ್ತಿರಲಿಲ್ಲ. ಅರವತ್ತು ದಾಟಿದ ಒಣಕಲು ಮನುಷ್ಯ, ಸುಣ್ಣ ತಿಂದು ಬೆಳ್ಳಗಾದ ಬೆರಳುಗಳು. ಅಣ್ಣಿಗೇರಿಯಲ್ಲಿ ನಮ್ಮ ಓಣಿಯ ಅರ್ಧ ಮನೆಗಳಿಗೆ ಗೆರೆ ಹೊಡೆದವನು ಅವನೇ. ನಮ್ಮ ಅಡುಗೆಮನೆ ಕಟ್ಟಿದವನು ವಾಸ್ತುಶಾಂತಿಯಾದ ಮೇಲೆ ಅದರೊಳಗೆ ಕಾಲಿಟ್ಟಿಲ್ಲ. ನಾವು ಬರಬೇಡವೆಂದು ಹೇಳಿದವರಲ್ಲ. ಬಾ ಎಂದು ಕರೆದವರೂ ಅಲ್ಲ. ಅಂಗಳದಲ್ಲಿ ಅವನಿಗೆ ಧೋತರ ಕೊಟ್ಟೆವು, ಉಟ್ಟುಕೊಂಡ.

ಇಷ್ಟು ಮಂದಿಗೆ ಮನೆ ಕಟ್ಟಿದವನಿಗೆ ತನ್ನದೆನ್ನುವ ಮನೆ ಇರಲಿಲ್ಲ. ಕಾಳಿನ ಪೇಟೆಯ ಹಿಂದೆ ಕಾಶಿನಾಥ ಎನ್ನುವವರ ಎರಡು ಖೋಲಿಯಲ್ಲಿ ಬಾಡಿಗೆಗಿದ್ದರು, ಗಂಡ ಹೆಂಡತಿ ಇಬ್ಬರೇ. ಹೆಂಡತಿ ತಾಯವ್ವ ಪೇಟೆಯಲ್ಲಿ ಕಾಳು ಕೇರುವ ಕೆಲಸ ಮಾಡಿದವಳು. ಮೂವತ್ತು ವರ್ಷದ ಧೂಳು ಎದೆಯಲ್ಲಿ ಕೂತು ದಮ್ಮು ಹತ್ತಿತು. ಔಷಧವನ್ನು ಹೊಗೆ ಮಾಡಿ ಮೂಗಿಗೆ ಕೊಡುವ ಒಂದು ಸಣ್ಣ ಮಷೀನು ದವಾಖಾನೆಯವರು ಬರೆದುಕೊಟ್ಟಿದ್ದರು. ಅದನ್ನು ಮುಂಜಾನೆ ಸಂಜೆ ಕರೆಂಟಿಗೆ ಹಚ್ಚಿ ಕಾಲು ತಾಸು ಕೂಡಬೇಕು. ಹಚ್ಚದಿದ್ದ ದಿನ ಅವಳು ಮಲಗುವಂತಿಲ್ಲ, ಕೂತೇ ಉಸಿರು ಎಳೆಯಬೇಕು. ಆದರೂ ಅವಳ ಬಾಯಿ ಸುಮ್ಮನಿರುತ್ತಿರಲಿಲ್ಲ. ಒಮ್ಮೆ ನನ್ನ ಮುಂದೆಯೇ ಗಂಡನಿಗೆ, “ಮಂದಿ ಮನಿಗೆ ಸಿಂಹ, ಆನಿ ಎಲ್ಲಾ ಹಂಚಿ ಬರ್ತಾನ್ರಿ ಇಂವಾ. ನಮ್ಮನ್ಯಾಗ ನೋಡಿದ್ರ ಇಲಿ ಅದಾವ,” ಎಂದಿದ್ದಳು. ರಾಮಪ್ಪ ನಕ್ಕಿದ್ದ.

ಅವರಿಗೆ ಒಬ್ಬಳೇ ಮಗಳು, ಭಾಗ್ಯಾ. ಕಲಘಟಗಿ ಕಡೆ ದೇವಿಕೊಪ್ಪಕ್ಕೆ ಕೊಟ್ಟಿದ್ದಾರೆ. ಶಾಲೆ ಕಲಿತವಳು, ಅಲ್ಲಿಯ ಅಂಗನವಾಡಿಯಲ್ಲಿ ಕೆಲಸ ಮಾಡುತ್ತಾಳೆ. ಆಯ ಗೀಯ ಎಂದರೆ ಅವಳಿಗೆ ಆಗದು. ಅಪ್ಪ ಮನೆ ಕಟ್ಟುತ್ತೇನೆಂದಾಗ ಅವಳು ಒಂದೇ ಷರತ್ತು ಹಾಕಿದಳು. ಎಲ್ಲವೂ ಕಾಯದೆ ಪ್ರಕಾರ ಆಗಬೇಕು. ಬಾಂಡ್ ಪೇಪರ್ ಮೇಲೆ ಬರೆದುಕೊಡುವ ಹೊಲದ ತುಂಡು ಬೇಡ, ಹೊಲದ ಲೆಕ್ಕದಿಂದ ತೆಗೆದು ಎನ್.ಎ. ಮಾಡಿದ ಪ್ಲಾಟೇ ಬೇಕು, ಅಪ್ಪನ ಹೆಸರಿನಲ್ಲಿ ಹಕ್ಕಿನ ಉತಾರ ಬರಬೇಕು, ನಕ್ಷೆ ಮಂಜೂರಾಗಬೇಕು. ನಮ್ಮಂಥವರ ಮನೆ ಕೆಡವಲು ಯಾರಿಗೂ ಒಂದು ನೆವ ಸಿಗಬಾರದು ಎನ್ನುವುದು ಅವಳ ಮಾತಾಗಿತ್ತು. ರೇಲ್ವೆ ಗೇಟಿನ ಆಚೆ ಇಪ್ಪತ್ತು ಮೂವತ್ತರ ಒಂದು ಪ್ಲಾಟು ಹಾಗೆ ಬಂತು. ನಲವತ್ತು ವರ್ಷದ ಕೂಲಿಯಲ್ಲಿ ಉಳಿದದ್ದೆಲ್ಲ ಅದರಲ್ಲಿ ಹೋಯಿತು.

ನಕ್ಷೆ ಬರೆದವಳು ಶೈಲಶ್ರೀ ಎನ್ನುವ ಇಂಜಿನಿಯರ್ ಹುಡುಗಿ. ಬಸ್ ನಿಲ್ದಾಣದ ಎದುರು ಮಾಳಿಗೆ ಮೇಲೆ ಅವಳ ಆಫೀಸು. ಅಗಲ ಹದಿನೇಳು ಫೂಟು, ಉದ್ದ ಇಪ್ಪತ್ನಾಲ್ಕು. ರಸ್ತೆ ಕಡೆ ಮೂರು ಫೂಟು, ಹಿಂದೆ ಮೂರು, ಒಂದು ಬಾಜು ಮೂರು ಖುಲ್ಲಾ ಬಿಡಬೇಕು. ಅದರೊಳಗೆ ಅವಳು ಒಂದು ಪಡಸಾಲೆ, ಒಂದು ಖೋಲಿ, ಅಡುಗೆಮನೆ, ಬಚ್ಚಲು ಎಲ್ಲವನ್ನೂ ಹೊಂದಿಸಿದ್ದಳು. ಮಂಜೂರಿಯ ಸಿಕ್ಕಾ ಬಿದ್ದ ದಿನ ಅವಳು ರಾಮಪ್ಪನಿಗೆ ಮೂರು ಸಲ ಹೇಳಿದಳಂತೆ, ಕಾಕಾ, ಗೆರೆ ನಕ್ಷೆ ಪ್ರಕಾರವೇ ಹೊಡೆಯಿರಿ ಎಂದು. ರಾಮಪ್ಪ ಮೂರು ಸಲವೂ ಗೋಣು ಹಾಕಿದನಂತೆ. ನಕ್ಷೆಯನ್ನು ಘಡಿ ಮಾಡಿ ತಾಯವ್ವನ ಕೈಯಲ್ಲಿ ಕೊಟ್ಟ. ಅವಳು ಟ್ರಂಕಿನಲ್ಲಿಟ್ಟಳು.

ಗೆರೆ ಹೊಡೆಯುವ ದಿನ ತಾಯವ್ವ ನನ್ನನ್ನೂ ಕರೆದಿದ್ದಳು. ನಾಲ್ಕು ಮೂಲೆಗೆ ಗೂಟ ಬಡಿದು ಹುರಿ ಎಳೆದ ಮೇಲೆ ರಾಮಪ್ಪ ಕುಕ್ಕರುಗಾಲಿನಲ್ಲಿ ಕೂತು ಮಣ್ಣಿನ ಮೇಲೆ ಬೆರಳಿನಿಂದ ಬರೆದ. ಹದಿನೇಳು ಇಪ್ಪತ್ನಾಲ್ಕಲೆ ನಾಲ್ಕುನೂರಾ ಎಂಟು. ಎಂಟರಿಂದ ಭಾಗಿಸಿದರೆ ಐವತ್ತೊಂದು, ಶೇಷ ಸೊನ್ನೆ. ಸೊನ್ನೆಯನ್ನು ಬರೆದು ಅದರ ಸುತ್ತ ಇನ್ನೊಮ್ಮೆ ಬೆರಳು ಎಳೆದ.

ತಾಯವ್ವ ಉಸಿರು ಎಳೆಯುತ್ತ ಅಂದಳು, “ಕಾಗಿ ಆದ್ರ ಕಾಗಿ ಆಗ್ಲಿ ಬಿಡು. ನಕ್ಷೆದಾಗ ಹೆಂಗೈತಿ ಹಂಗ ಮಾಡು. ನನಗ ಮಲಗಾಕ ಜಾಗಾ, ಮಷೀನ್ ಹಚ್ಚಾಕ ಕರೆಂಟು. ಇನ್ನೇನ್ ಬೇಕು?”

ರಾಮಪ್ಪ ಸೊನ್ನೆಯನ್ನು ಅಂಗೈಯಿಂದ ಅಳಿಸಿದ. ಎದ್ದು ರಸ್ತೆ ಕಡೆಯ ಎರಡು ಗೂಟ ಕಿತ್ತು ಒಂದು ಫೂಟು ಮುಂದೆ ಬಡಿದ. ಹದಿನೇಳು ಇಪ್ಪತ್ತೈದಲೆ ನಾಲ್ಕುನೂರಾ ಇಪ್ಪತ್ತೈದು, ಒಂದು ಉಳಿಯಿತು. ಧ್ವಜಾಯ. ಆಮೇಲೆ ಸುಣ್ಣ ಹಾಕಿದ. ನಾನು ನೋಡುತ್ತ ನಿಂತಿದ್ದೆ. ಏನೂ ಅನ್ನಿಸಲಿಲ್ಲ. ನಮ್ಮ ಮನೆಗೂ ಹಾಗೆಯೇ ಮಾಡಿದ್ದನಲ್ಲ.

ಎಂಟು ತಿಂಗಳಿನಲ್ಲಿ ಮನೆ ಎದ್ದಿತು. ಪಾಯಾದಿಂದ ಹಿಡಿದು ಸ್ಲ್ಯಾಬಿನ ತನಕ ಅವನ ಕೈ ಬಿದ್ದಿತ್ತು. ಖೋಲಿಯ ಕಿಡಕಿಯನ್ನು ತಾಯವ್ವನ ಮಂಚಕ್ಕೆ ಗಾಳಿ ಬರುವ ಹಾಗೆ ಇಟ್ಟ. ಮಂಚದ ಬಾಜು ಅವಳು ಮಲಗಿದಲ್ಲಿಂದಲೇ ಕೈ ಚಾಚಿದರೆ ಸಿಗುವಷ್ಟು ಎತ್ತರಕ್ಕೆ ಮಷೀನಿನ ಪ್ಲಗ್ ಕೂಡಿಸಿದ. ಅದಕ್ಕಾಗಿ ಅವಳನ್ನು ನೆಲದ ಮೇಲೆ ಮಲಗಿಸಿ, ಕೈ ಎತ್ತಿಸಿ, ಪೆನ್ಸಿಲಿನಿಂದ ಗೋಡೆಗೆ ಗುರುತು ಹಾಕಿಕೊಂಡನಂತೆ. ಆ ಹೆಚ್ಚಿನ ಒಂದು ಫೂಟು ಸೇರಿದ ಪಡಸಾಲೆಯಲ್ಲಿ ನಿಂತು, ನೋಡ್ರಿ ಅಕ್ಕಾರ, ಇಲ್ಲಿ ನಾಕ್ ಮಂದಿ ಕಾಲ್ ಚಾಚಿ ಮಲಗಬಹುದು ಎಂದು ನನಗೆ ತೋರಿಸಿದ.

ಕಟ್ಟುವಾಗ ಕೊಟ್ಟಿದ್ದ ತಾತ್ಕಾಲಿಕ ಮೀಟರನ್ನು ಅವಧಿ ಮುಗಿದ ಮೇಲೆ ಕರೆಂಟಿನವರು ಬಿಚ್ಚಿಕೊಂಡು ಹೋದರು. ಅದು ರಿವಾಜು. ಕಾಯಂ ಮೀಟರಿಗೆ ಹಿಂದೆಲ್ಲ ಉತಾರ ಕೊಟ್ಟರೆ ಸಾಕಿತ್ತು. ಈಗ ದಿಲ್ಲಿಯ ದೊಡ್ಡ ಕೋರ್ಟಿನ ಆಜ್ಞೆ ಬಂದಿದೆ, ಮನೆ ಮಂಜೂರಾದ ನಕ್ಷೆಯ ಪ್ರಕಾರ ಪೂರ್ತಿಯಾಗಿದೆ ಎನ್ನುವ ಪತ್ರ ಬೇಕು, ಇಲ್ಲದಿದ್ದರೆ ಕರೆಂಟೂ ಇಲ್ಲ, ನಳವೂ ಇಲ್ಲ ಎಂದರು. ಭಾಗ್ಯಾ ರಜೆ ಹಾಕಿ ಬಂದು ಅರ್ಜಿ ತುಂಬಿದಳು. ಅವಳಿಗೆ ಹೆದರಿಕೆಯೇ ಇರಲಿಲ್ಲ. ಕಾಗದವೆಲ್ಲ ಚೊಕ್ಕ ಇತ್ತು.

ಪುರಸಭೆಯಿಂದ ಅಳೆಯಲು ಬಂದವನು ಯಲ್ಲೇಶ, ನಮ್ಮ ಹಿಂದಿನ ಓಣಿಯ ಹುಡುಗ, ಓದಿ ನೌಕರಿ ಹಿಡಿದವನು. ತಾಯವ್ವ ಚಹಾ ಕೊಟ್ಟಳು, ಕುಡಿದ. ಹಿಂದೆ ಅಳೆದ, ಮೂರು. ಬಾಜು ಅಳೆದ, ಮೂರು. ಮುಂದೆ ಟೇಪು ಹಿಡಿದು ಒಮ್ಮೆ ನೋಡಿದ, ಟೇಪು ಸುತ್ತಿ ಮತ್ತೆ ಬಿಚ್ಚಿ ಇನ್ನೊಮ್ಮೆ ಹಿಡಿದ.

“ಕಾಕಾ, ಎರಡ ಫೂಟು ಬರ್ತೈತಲ್ಲ. ನಕ್ಷೆದಾಗ ಮೂರೈತಿ.”

“ಹೌದ್ರಿ. ಒಂದ್ ಫೂಟು ಆಯಕ್ಕ ಹೋಗೇತಿ,” ಎಂದ ರಾಮಪ್ಪ. ಆಮೇಲೆ ಗುಣಾಕಾರ ಭಾಗಾಕಾರವನ್ನೆಲ್ಲ ಬಿಡಿಸಿ ಹೇಳಿದ. ಯಲ್ಲೇಶ ನಡುವೆ ಬಾಯಿ ಹಾಕದೆ ಕೇಳಿದ.

“ಆಯದ ಸುದ್ದಿ ನಂಗ ಹೊಸಾದಲ್ಲ ಕಾಕಾ. ನಮ್ಮಪ್ಪನ ಮನೀನೂ ನೀವ ಕಟ್ಟೀರಿ. ಆದ್ರ ಈ ಫಾರ್ಮಿನ್ಯಾಗ ಆಯ ಬರಿಯಾಕ ಜಾಗಾ ಇಲ್ಲ.”

“ನಿಮ್ಮಪ್ಪನ ಮನಿ ಮುಂದ ಎಷ್ಟ್ ಬಿಟ್ಟೇತ್ರಿ?”

“ಒಂದಿಂಚೂ ಬಿಟ್ಟಿಲ್ಲ,” ಎಂದ ಯಲ್ಲೇಶ. ಟೇಪನ್ನು ಕಿಸೆಗೆ ಹಾಕಿಕೊಂಡ. “ಅದರ ಮೀಟರ್ ಹಳೇ ಕಾಲದ್ದು, ಅದನ್ನ ಯಾರೂ ಕೇಳೂದಿಲ್ಲ. ನಿಮ್ದು ಈಗಿಂದು. ನೂರಕ್ಕ ಐದರಷ್ಟು ಹೆಚ್ಚುಕಡಿಮಿ ಇದ್ರ ನಾ ಬರದು ಕಳಸ್ತಿದ್ದೆ. ಮೂರು ಫೂಟಿನ್ಯಾಗ ಒಂದ್ ಫೂಟು ಅಂದ್ರ ಮೂರನೇ ಪಾಲಾತು. ನಾ ಬಿಟ್ಟು ಬರದ್ರ ನನ್ನ ನೌಕರಿ ಹೋಗ್ತೈತಿ ಕಾಕಾ.”

ಅವನು ಸುಳ್ಳು ಹೇಳಲಿಲ್ಲ, ಏನನ್ನೂ ಬೇಡಲಿಲ್ಲ. ಕೇಳಿದ್ದರೆ ಒಂದು ದಾರಿಯಾದರೂ ಇತ್ತು ಎಂದು ರಾಮಪ್ಪ ಆಮೇಲೆ ನನ್ನ ಮುಂದೆ ಅಂದ. ಅರ್ಜಿ ತಿರಸ್ಕಾರವಾಗಿ ಬಂತು.

ಮರುದಿನ ರಾಮಪ್ಪ ಸುತ್ತಿಗೆ ಚಾಣ ಹಿಡಿದು ಮುಂದಿನ ಗೋಡೆಗೆ ನಿಂತಿದ್ದನಂತೆ, ಒಂದು ಫೂಟು ಒಡೆದು ಹಿಂದೆ ಸರಿಸುತ್ತೇನೆಂದು. ಸುದ್ದಿ ಕೇಳಿ ಶೈಲಶ್ರೀ ಸ್ಕೂಟಿ ಹತ್ತಿ ಓಡಿ ಬಂದಳು. ಮುಂದಿನ ಎರಡು ಕಾಲಂ ನಿಂತಿರುವುದು ಆ ಗೆರೆಯ ಮೇಲೆಯೇ. ಅವನ್ನು ಮುಟ್ಟಿದರೆ ಸ್ಲ್ಯಾಬು ಕೆಳಗೆ ಬರುತ್ತದೆ. ಅವನಿಗೆ ಅದು ಅವಳಿಗಿಂತ ಚೆನ್ನಾಗಿ ಗೊತ್ತಿತ್ತು. ಆದರೂ ಚಾಣ ಹಿಡಿದಿದ್ದ. ಅವಳು ಬಯ್ದಳು, ಆಮೇಲೆ ಅಲ್ಲೇ ಮರಳಿನ ಗುಂಪೆಯ ಮೇಲೆ ಕೂತು ಅತ್ತಳು. ಹೊಸ ನಕ್ಷೆ ಬರೆದು ತಿದ್ದುಪಡಿಗೆ ಹಾಕಿ ನೋಡಿದಳು. ನಕ್ಷೆ ತಿದ್ದಬಹುದು, ಮೂರು ಫೂಟಿನ ನಿಯಮ ತಿದ್ದಲು ಬರುವುದಿಲ್ಲ ಎಂದು ಅದೂ ವಾಪಸು ಬಂತು. ಇಂಥ ಮನೆಗಳನ್ನು ಸಕ್ರಮ ಮಾಡುವ ಯೋಜನೆ ಎಂದಾದರೂ ಬಂದರೆ ಆಗ ಅರ್ಜಿ ಹಾಕಿರಿ ಎಂದರು. ಎಂದು ಬರುತ್ತದೆ ಎಂದು ರಾಮಪ್ಪ ಕೇಳಿದ. ಅದು ಕೋರ್ಟಿನಲ್ಲಿದೆ ಎಂದರು.

ಅಷ್ಟರಲ್ಲಿ ಕಾಶಿನಾಥರು ಖೋಲಿ ಖಾಲಿ ಮಾಡಲು ಹೇಳಿದರು. ಕೆಟ್ಟ ಮನುಷ್ಯರಲ್ಲ. ಮನೆ ಮುಗಿಯುವ ತನಕ ಇರಿ ಎಂದು ಮೊದಲೇ ಮಾತು ಕೊಟ್ಟಿದ್ದರು, ಮನೆ ಮುಗಿದಿತ್ತು. ಆ ಜಾಗದಲ್ಲಿ ಅವರು ಅಂಗಡಿ ಸಾಲು ಕಟ್ಟಿಸಬೇಕಾಗಿತ್ತು. ಬೇರೆ ಬಾಡಿಗೆ ಹುಡುಕಿದರು. ಕೆಲವರು ಮನೆ ಇದೆ ಎಂದರು, ಹೆಸರು ಅಡ್ಡಹೆಸರು ಕೇಳಿದ ಮೇಲೆ ಇಲ್ಲ ಎಂದರು. ಅಂತೂ ಸಾಮಾನು ಕಟ್ಟಿಕೊಂಡು ಕತ್ತಲಿದ್ದ ಹೊಸ ಮನೆಗೇ ಬಂದರು.

ಬಾಜು ಮನೆಯ ಫಯಾಜ್ ಗ್ಯಾರೇಜಿನವನು. ಕಾಕೂನ ಉಸಿರಿನ ವಿಷಯ, ಇದರಲ್ಲಿ ಕೇಳುವುದೇನಿದೆ ಎಂದು ತಾನಾಗಿ ತನ್ನ ಮನೆಯಿಂದ ಒಂದು ವಾಯರು ಎಳೆದುಕೊಟ್ಟ. ಮಷೀನು ಹನ್ನೊಂದು ದಿನ ನಡೆಯಿತು. ಆ ಹನ್ನೊಂದು ದಿನ ತಾಯವ್ವ ಮಂಚದ ಮೇಲೆ ಮಲಗಿ, ಕೈ ಚಾಚಿ, ತಾನೇ ಬಟನ್ ಒತ್ತುತ್ತಿದ್ದಳು. ನಾನು ಒಂದು ಸಲ ಹೋಗಿದ್ದಾಗ ಅದನ್ನು ಒತ್ತಿ ತೋರಿಸಿದಳು. ಹನ್ನೆರಡನೆಯ ದಿನ ಲೈನ್‌ಮನ್ ನೋಡಿ, ಒಂದು ಮೀಟರಿನಿಂದ ಎರಡು ಮನೆಗೆ ಕೊಡುವುದು ಗುನ್ಹೆ, ನಿನ್ನ ಲೈನೂ ಕಟ್ಟಾಗುತ್ತದೆ ಎಂದು ಫಯಾಜನಿಗೆ ಹೇಳಿ ಹೋದ. ಫಯಾಜನ ಮನೆಯಲ್ಲಿ ತಿಂಗಳ ಕೂಸಿತ್ತು. ವಾಯರನ್ನು ರಾಮಪ್ಪನೇ ಬಿಚ್ಚಿ, ಸುತ್ತಿ, ಅವನ ಕಟ್ಟೆಯ ಮೇಲಿಟ್ಟು ಬಂದ.

ಎರಡು ದಿನ ತಾಯವ್ವ ಗೋಡೆಗೆ ಒರಗಿ ಕೂತೇ ಕಳೆದಳು. ಮೂರನೆಯ ದಿನ ಭಾಗ್ಯಾ ಬಂದಳು. ಆ ಹೊತ್ತು ನಾನು ಅಲ್ಲೇ ಇದ್ದೆ, ತಾಯವ್ವನ ಬೆನ್ನು ತಿಕ್ಕುತ್ತಿದ್ದೆ. ಭಾಗ್ಯಾ ಮನೆಗೆ ಬರುವ ಮೊದಲೇ ಪುರಸಭೆ ಆಫೀಸಿಗೆ ಹೋಗಿದ್ದಳು. ಸಣ್ಣ ಮನೆಗಳಿಗೆ ಆ ಪತ್ರದಿಂದ ರಿಯಾಯಿತಿ ಕೊಡುತ್ತಾರಂತೆ ಎಂದು ಮೊಬೈಲಿನಲ್ಲಿ ಓದಿ, ಅದನ್ನು ಕೇಳಲಿಕ್ಕೆ. ರಿಯಾಯಿತಿ ಉಂಟು, ಆದರೆ ನಕ್ಷೆ ಮೀರದೆ ಕಟ್ಟಿದವರಿಗೆ ಎಂದು ಅಲ್ಲಿ ಹೇಳಿದರಂತೆ. ಅವಳು ಅಪ್ಪನ ಎದುರು ಕೂತು ಮೊಬೈಲ್ ತೆಗೆದು ಏನೋ ಒತ್ತಿದಳು. ಮತ್ತೆ ಒತ್ತಿದಳು.

“ಯಪ್ಪಾ, ಹದಿನೇಳು ಇಪ್ಪತ್ಮೂರಲೆ ಮುನ್ನೂರಾ ತೊಂಬತ್ತೊಂದು. ಎಂಟರಿಂದ ಭಾಗಿಸಿದ್ರ ಏಳ್ ಉಳೀತೈತಿ. ಏಳು ಅಂದ್ರ ಏನು?”

ಅವನು ಬಾಯಿ ತೆರೆಯುವ ಮೊದಲೇ ಅವಳೇ ಹೇಳಿದಳು.

“ಗಜಾಯ. ನಾ ಸಣ್ಣಾಕಿ ಇದ್ದಾಗ ನೀನ ಕಲಿಸಿದ್ದಿ. ಒಂದ್ ಫೂಟು ಹಿಂದ ಸರಿಸಿದ್ರೂ ನಿನ್ನ ಆಯ ಬರ್ತಿತ್ತು. ಮುಂದ ನಾಕ್ ಫೂಟು ಉಳೀತಿತ್ತು, ಯಾರೂ ಕೇಳ್ತಿರಲಿಲ್ಲ. ನಿನಗ ಲೆಕ್ಕ ಹತ್ತಲಿಲ್ಲೇನು?”

“ಹತ್ತಿತ್ತು,” ಎಂದ ರಾಮಪ್ಪ.

“ಮತ್ಯಾಕ?”

ಅವನು ನೆಲದ ಮೇಲೆ ಬೆರಳಿನಿಂದ ಒಂದು ಗೆರೆ ಎಳೆದ. ಹೇಳುವಾಗ ಮಗಳ ಕಡೆ ನೋಡಲಿಲ್ಲ. “ಮಂದಿಗೆಲ್ಲಾ ಮುಂದ ಸರಿಸಿ ಕೊಟ್ಟೇನವ್ವಾ. ಒಬ್ಬರದೂ ಸಣ್ಣದು ಮಾಡಿಲ್ಲ. ನನ್ನ ಮನಿ ಬಂದಾಗ ಗೂಟ ಹಿಂದ ಬಡಿಯಾಕ ಕೈ ಬರಲಿಲ್ಲ. ನನಗೂ ಒಂದ್ ಫೂಟು ಇರ್ಲಿ ಅನಿಸ್ತು.”

ಭಾಗ್ಯಾ ಮೊಬೈಲನ್ನು ಬ್ಯಾಗಿಗೆ ಹಾಕಿಕೊಂಡಳು. ಅವಳು ಬಯ್ಯುತ್ತಾಳೆಂದು ನಾನು ಅಂದುಕೊಂಡೆ, ಬಯ್ಯಲಿಲ್ಲ. ಒಳಗೆ ಹೋಗಿ ಅವ್ವನ ಸೀರೆಗಳನ್ನು ಚೀಲಕ್ಕೆ ತುಂಬತೊಡಗಿದಳು. ಆಗ ತಾಯವ್ವ ಅಂದಳು, ತುಂಡು ತುಂಡಾಗಿ, ನಡುನಡುವೆ ಉಸಿರು ಎಳೆದುಕೊಳ್ಳುತ್ತ: “ಬಿಡವ್ವಾ. ಪಡಸಾಲಿ ಚೊಲೊ ಆಗೇತಿ.”

ಮಧ್ಯಾಹ್ನದ ಬಸ್ಸಿಗೆ ತಾಯಿ ಮಗಳು ದೇವಿಕೊಪ್ಪಕ್ಕೆ ಹೋದರು. ಅಳಿಯನ ಮನೆ ಇರುವುದು ಒಂದೇ ಖೋಲಿಯಷ್ಟರ ಅಂಕಣ, ಅತ್ತೆ ಮಾವ ಮಕ್ಕಳೆಲ್ಲ ಅದರಲ್ಲೇ. ರಾಮಪ್ಪನಿಗೆ ಅಲ್ಲಿ ಮಲಗಲು ಜಾಗವಿಲ್ಲ. ಕರೆಂಟು ಇದೆ, ಮಷೀನು ನಡೆಯುತ್ತದೆ. ಆದರೆ ಆ ಕಡೆ ಮಳೆ ಹೆಚ್ಚು, ಗೋಡೆಯ ತಂಪಿಗೆ ಅವಳ ದಮ್ಮು ಏರಿದೆ, ಎರಡು ಹೊತ್ತಿನದು ಈಗ ನಾಲ್ಕು ಹೊತ್ತಾಗಿದೆ ಎಂದು ಭಾಗ್ಯಾ ಫೋನಿನಲ್ಲಿ ಹೇಳಿದ್ದಾಳೆ. ರಾಮಪ್ಪ ಹದಿನೈದು ದಿನಕ್ಕೊಮ್ಮೆ ಹೋಗಿ ಸಂಜೆಯ ಬಸ್ಸಿಗೆ ತಿರುಗಿ ಬರುತ್ತಾನೆ. ಬಾಯಿ ತುಂಬ ಮಾತಾಡುತ್ತಿದ್ದ ಹೆಂಗಸು ಈಗ ಕೈ ಸನ್ನೆಯಲ್ಲೇ ಮುಗಿಸುತ್ತಾಳೆ, ಮಾತಿಗೆ ಉಸಿರು ಸಾಲುವುದಿಲ್ಲ ಎಂದು ಅವನೇ ಹೇಳಿದ.

ಕೆಲಸ ಬಿಟ್ಟಿಲ್ಲ. ಮೊನ್ನೆ ಅದೇ ಬಡಾವಣೆಯಲ್ಲಿ ಒಬ್ಬರು ಗೆರೆಗೆ ಕರೆದಿದ್ದರು. ಮಾಲಕರೇ ಟೇಪಿನ ಒಂದು ತುದಿ ಹಿಡಿದು ನಿಂತಿದ್ದರಂತೆ, ನಕ್ಷೆಯನ್ನು ಇನ್ನೊಂದು ಕೈಯಲ್ಲಿ ಹಿಡಿದು. ನಕ್ಷೆ ಹೇಳಿದಲ್ಲಿ ಗೂಟ ಬಡಿದು ಬಂದ. ಎಷ್ಟು ಉಳಿಯಿತು ಎಂದು ಕೇಳಿದೆ. “ಲೆಕ್ಕ ಹಾಕಲಿಲ್ರಿ ಅಕ್ಕಾರ,” ಎಂದ.

ಶ್ರಾವಣದ ಒಂದು ಮುಂಜಾನೆ ರೊಟ್ಟಿಗೆ ಹಚ್ಚಿಕೊಳ್ಳುವ ಶೇಂಗಾ ಹಿಂಡಿ ಕುಟ್ಟಿದ್ದೆ, ಒಂದು ಡಬ್ಬಿ ತುಂಬಿಕೊಂಡು ಅವನ ಮನೆಗೆ ಹೋದೆ. ಬಾಗಿಲು ತೆರೆದಿತ್ತು. ಅವನು ಒಲೆಯ ಮುಂದೆ ಕೂತು ಜೋಳದ ಹಿಟ್ಟು ನಾದುತ್ತಿದ್ದ. ಸಕ್ರಮದ ಸುದ್ದಿ ಏನಾದರೂ ಬಂತೇ ಎಂದು ಕೇಳಿದೆ. ಇಲ್ಲ ಎಂದು ತಲೆ ಅಲ್ಲಾಡಿಸಿದ. ತಾಯವ್ವ ಹೇಗಿದ್ದಾಳೆ ಎಂದೆ. ಹಂಗ ಅದಾಳ್ರಿ ಎಂದ. ಹೆಂಚು ಕಾದಿತ್ತು. ಉಂಡೆ ತಟ್ಟಿ ಹೆಂಚಿಗೆ ಹಾಕಿದ. ಅಂಚು ಎರಡು ಕಡೆ ಸೀಳಿತ್ತು. ಒದ್ದೆ ಬಟ್ಟೆಯಿಂದ ಮೇಲೆ ನೀರು ಸವರಿ, ಆರುವ ತನಕ ಕಾದು, ಬೆರಳಿನಿಂದಲೇ ತಿರುವಿ ಹಾಕಿದ. ಆಮೇಲೆ ಇನ್ನೊಂದು ಉಂಡೆಗೆ ಹಿಟ್ಟು ತೆಗೆದುಕೊಂಡ.